ಕಾಂಗ್ರೆಸ್ ಡಾಟ್ ಗವ್: ನ್ಯಾಯಾಧೀಶರ ನೇಮಕದ ಜಾಡು ಹಿಡಿಯಲು ಎಷ್ಟು ಉಪಯೋಗ?

ಅಮೆರಿಕದಲ್ಲಿ ನ್ಯಾಯಾಧೀಶರ ನೇಮಕಕ್ಕಾಗಿ ಎರಡು ಪಕ್ಷಗಳು ಹೇಗೆ ಕಿತ್ತಾಡುತ್ತವೆ ಎಂದು ತಿಳಿಯಲು ಟಿವಿ ಚರ್ಚೆಗಿಂತ ಅಲ್ಲಿನ ಸಂಸತ್ತಿನ ಗ್ರಂಥಾಲಯವಾದ ಲೈಬ್ರರಿ ಆಫ್ ಕಾಂಗ್ರೆಸ್ ನಡೆಸುವ ಕಾಂಗ್ರೆಸ್ ಡಾಟ್ ಗವ್ ಎಂಬ ಈ ಉಚಿತ ಜಾಲತಾಣ ಎಷ್ಟೋ ವಾಸಿ. ಓದುವ ವರಸೆ ಗೊತ್ತಿರಬೇಕು, ಅಷ್ಟೇ.

ಹುಡುಕುವ ಜಾಗದ ಪಕ್ಕದ ಪಟ್ಟಿಯಲ್ಲಿ ‘ನಾಮಿನೇಷನ್ಸ್’ ಆರಿಸಿ ಹೆಸರು ಹಾಕಿ. ಪ್ರತಿ ನಾಮನಿರ್ದೇಶನಕ್ಕೂ ಒಂದು ಪಿಎನ್ (ಪ್ರೆಸಿಡೆನ್ಶಿಯಲ್ ನಾಮಿನೇಷನ್) ಸಂಖ್ಯೆ ಇರುತ್ತದೆ. ಒಳಗೆ ‘ಆ್ಯಕ್ಷನ್ಸ್’ ತೆರೆದರೆ ತಾರೀಖುವಾರು ವಿವರ ಸಿಗುತ್ತದೆ. ಎಡವುವುದು ಇಲ್ಲೇ: ಅಧ್ಯಕ್ಷರು ಸೂಚಿಸಿದ ಹೆಸರಿಗೆ ಒಪ್ಪಿಗೆ ಕೊಡಬೇಕಾದ ಮೇಲ್ಮನೆ ಸೆನೆಟ್ ಆ ಹೆಸರನ್ನು ವಾಪಸ್ ಕಳಿಸಿ, ಅಧ್ಯಕ್ಷರು ಅದನ್ನೇ ಮತ್ತೆ ಕಳಿಸಿದರೆ ಹೊಸ ಪಿಎನ್ ಬರುತ್ತದೆ. ಹಳೆಯದನ್ನೇ ಹಿಡಿದು ಕೂತರೆ ಸುದ್ದಿಯೇ ಸಿಗದು. ಆದ್ದರಿಂದ ಸಂಖ್ಯೆ ಬಿಟ್ಟು ಹೆಸರಿನಿಂದಲೇ ಹುಡುಕಿ.

ಸುಪ್ರೀಂ ಕೋರ್ಟಿಗೆ ಅಧ್ಯಕ್ಷ ಒಬಾಮಾ ಸೂಚಿಸಿದ್ದ ಮೆರಿಕ್ ಗಾರ್ಲೆಂಡ್ ಅವರ ಪುಟ ನೋಡಿ, ಪಿಎನ್ 1258. 2016ರ ಮಾರ್ಚ್ 16ರಂದು ಬಂತು, ನ್ಯಾಯಾಂಗ ಸಮಿತಿಗೆ ಹೋಯಿತು, 2017ರ ಜನವರಿ 3ರಂದು ಇತ್ಯರ್ಥವಾಗದ ಹೆಸರನ್ನು ಮರಳಿಸುವ ಸೆನೆಟ್ ನಿಯಮ 31ರಡಿ ವಾಪಸಾಯಿತು. 293 ದಿನಗಳ ಜಗಳಕ್ಕೆ ಇಷ್ಟೇ ದಾಖಲೆ! ಚುನಾವಣಾ ವರ್ಷವೆಂದು ಆಗಿನ ಸೆನೆಟ್‌ನ ರಿಪಬ್ಲಿಕನ್ ಬಹುಮತದ ನಾಯಕ ಮಿಚ್ ಮೆಕಾನೆಲ್ ವಿಚಾರಣೆಯನ್ನೇ ನಡೆಸಗೊಡಲಿಲ್ಲ ಎಂಬುದು ಅಲ್ಲಿಲ್ಲ. ಅಧ್ಯಕ್ಷ ಟ್ರಂಪ್ ಸುಪ್ರೀಂ ಕೋರ್ಟಿಗೆ ಸೂಚಿಸಿದ ಏಮಿ ಕೋನಿ ಬ್ಯಾರೆಟ್ ಅವರದು ತೆರೆದರೆ ಉದ್ದ ಪಟ್ಟಿ. ಅದೂ ಚುನಾವಣಾ ವರ್ಷವೇ. 2020ರ ಸೆಪ್ಟೆಂಬರ್ 29ರಂದು ಸೆನೆಟ್‌ಗೆ ಬಂದ ಹೆಸರು ಅಕ್ಟೋಬರ್ 26ಕ್ಕೆ 52–48ರಲ್ಲಿ ಪಾಸು. ಸಮಿತಿಯ ಮತದಾನವನ್ನು ಡೆಮಾಕ್ರಾಟರು ಬಹಿಷ್ಕರಿಸಿ 12–0 ಆಗಿದ್ದನ್ನು ಮಾತ್ರ ಹೊರಗಿನಿಂದ ತಿಳಿಯಬೇಕು. ಎರಡನ್ನೂ ಅಕ್ಕಪಕ್ಕ ಇಟ್ಟು ಓದಿದರೆ, ಎರಡೂ ಚುನಾವಣಾ ವರ್ಷವೇ ಆದರೂ ಬಹುಮತ ಇದ್ದವರ ಕೈ ಹೇಗೆ ಮೇಲಾಗುತ್ತದೆ ಎಂಬುದು ಯಾರೂ ವಿವರಿಸದೆಯೇ ಅರ್ಥವಾಗುತ್ತದೆ.

ಹಳೇ ಅಂಕಿಗಳನ್ನು ಹೋಲಿಸುವಾಗ ಎರಡು ತಾರೀಖು ಮರೆಯಬೇಡಿ. 2013ರ ನವೆಂಬರ್ 21ರಂದು ಡೆಮಾಕ್ರಾಟರು ಕೆಳ ನ್ಯಾಯಾಲಯಗಳಿಗೂ, 2017ರ ಏಪ್ರಿಲ್ 6ರಂದು ರಿಪಬ್ಲಿಕನ್ನರು ಸುಪ್ರೀಂ ಕೋರ್ಟಿಗೂ ಚರ್ಚೆ ಮುಗಿಸಲು ಬೇಕಿದ್ದ 60 ಮತಗಳನ್ನು ಸರಳ ಬಹುಮತಕ್ಕೆ ಇಳಿಸಿದರು. ಆಮೇಲಿನ 51–48ರಂಥ ‘ಕ್ಲೋಚರ್’ (ಚರ್ಚೆ ಮುಗಿಸುವ) ಮತಗಳಿಗೆ ಅದೇ ಕಾರಣ. ಈ ಬದಲಾವಣೆಯ ಟಿಪ್ಪಣಿಯನ್ನು ಆಯಾ ಪುಟದಲ್ಲೇ ಕೊಡಬಹುದಿತ್ತು.

ದೊಡ್ಡ ಕೊರತೆ ‘ಬ್ಲೂ ಸ್ಲಿಪ್’, ಅಂದರೆ ಸೆನೆಟರ್ ಒಪ್ಪಿಗೆಯ ಚೀಟಿ, ತಾಣದಲ್ಲಿ ಕಾಣದಿರುವುದು. ಆಯಾ ರಾಜ್ಯದ ಸೆನೆಟರ್ ಈ ಚೀಟಿ ವಾಪಸ್ ಕೊಡದಿದ್ದರೆ ಜಿಲ್ಲಾ ನ್ಯಾಯಾಧೀಶರ ಹೆಸರು ಸಮಿತಿಯಲ್ಲೇ ಕೊಳೆಯುತ್ತದೆ. ತಾಣ ಮಾತ್ರ ‘ಸಮಿತಿಗೆ ಒಪ್ಪಿಸಲಾಗಿದೆ’ ಎಂದೇ ತೋರಿಸುತ್ತಿರುತ್ತದೆ. ಅಭ್ಯರ್ಥಿ ತುಂಬಿದ ಪ್ರಶ್ನಾವಳಿ ಬೇಕಿದ್ದರೆ ಸಮಿತಿಯ ತಾಣಕ್ಕೆ, ಖಾಲಿ ಹುದ್ದೆಗಳ ಪಟ್ಟಿಗೆ ಯುಎಸ್ ಕೋರ್ಟ್ಸ್ ತಾಣಕ್ಕೆ ಹೋಗಿ.