ತಾರಸಿಯ ಮೇಲಿನ ಎರಡು ಸೌರ ಸಾಧನಗಳು: ಒಂದು ವಿಮರ್ಶೆ

ನಮ್ಮ ತಾರಸಿಯ ಮೇಲಿರುವ ಎರಡು ಸೌರ ಸಾಧನಗಳಲ್ಲಿ ನನಗೆ ಹೆಚ್ಚು ತೃಪ್ತಿ ತಂದಿರುವುದು ಗಾಜಿನ ಕೊಳವೆಗಳ ಸೋಲಾರ್ ವಾಟರ್ ಹೀಟರ್. ಇದರ ಪ್ರತಿಯೊಂದು ಕೊಳವೆಗೂ ಎರಡು ಗಾಜಿನ ಪದರಗಳಿದ್ದು, ಅವುಗಳ ನಡುವಿನ ಗಾಳಿಯನ್ನು ಹೊರತೆಗೆದಿರುವುದರಿಂದ ಒಳಪದರದ ಕಪ್ಪು ಲೇಪನವು ಹೀರಿಕೊಂಡ ಶಾಖ ಹೊರಗೆ ಸೋರುವುದು ಬಹಳ ಕಡಿಮೆ. ಬಿಸಿಯಾದ ನೀರು ಹಗುರವಾಗಿ ತಾನಾಗಿಯೇ ಮೇಲಿನ ಟ್ಯಾಂಕಿಗೆ ಏರುವುದರಿಂದ ಪಂಪಿನ ಅಗತ್ಯವೂ ಇಲ್ಲ. ಒಳಗಿನ ನೀರು ಕೈ ಸುಡುವಷ್ಟು ಕಾದಿರುವಾಗಲೂ ಹೊರಗಾಜನ್ನು ಧಾರಾಳವಾಗಿ ಮುಟ್ಟಬಹುದು. ಆದರೆ ಗಡಸು ನೀರು ಬಳಸುವವರು ಕೊಳವೆಯೊಳಗೆ ಕಟ್ಟುವ ಸುಣ್ಣದ ಬಿಳಿ ಪೊರೆಯನ್ನು ಆಗಾಗ್ಗೆ ತೆಗೆಸಲೇಬೇಕು.

ಎರಡನೆಯ ಸಾಧನವಾದ ಸೌರ ವಿದ್ಯುತ್ ಫಲಕಗಳ ಬಗ್ಗೆ ನನ್ನ ಮೆಚ್ಚುಗೆ ತುಸು ಅಳೆದು ತೂಗಿದ್ದು. ಬಿದ್ದ ಬೆಳಕಿನಲ್ಲಿ ಸುಮಾರು ಶೇ. 20ರಷ್ಟನ್ನು ಮಾತ್ರ ವಿದ್ಯುತ್ತಾಗಿಸುವ ಇವು, 25 ಡಿಗ್ರಿ ಸೆಲ್ಸಿಯಸ್‌ಗಿಂತ ಹೆಚ್ಚು ಕಾದಂತೆಲ್ಲ ಇನ್ನಷ್ಟು ಮಂದವಾಗುತ್ತವೆ. ಹಾಗಾಗಿ ಉರಿಬಿಸಿಲಿಗಿಂತ ತಂಪು ಗಾಳಿಯ ತಿಳಿಬಿಸಿಲೇ ಇವಕ್ಕೆ ಹಿತ. ಮಾರುವವರು ಅಷ್ಟಾಗಿ ಬಾಯಿಬಿಡದ ಸಂಗತಿಯೊಂದಿದೆ: ಗ್ರಿಡ್‌ಗೆ, ಅಂದರೆ ಸಾರ್ವಜನಿಕ ವಿದ್ಯುತ್ ಜಾಲಕ್ಕೆ, ಜೋಡಿಸಿದ, ಬ್ಯಾಟರಿಯಿಲ್ಲದ ಸಾಮಾನ್ಯ ಇನ್‌ವರ್ಟರ್ (ಫಲಕದ ವಿದ್ಯುತ್ತನ್ನು ಮನೆಬಳಕೆಗೆ ತಕ್ಕಂತೆ ಬದಲಿಸುವ ಪೆಟ್ಟಿಗೆ), ತಂತಿ ದುರಸ್ತಿ ಮಾಡುವವರ ಸುರಕ್ಷತೆಗಾಗಿ, ಕರೆಂಟ್ ಹೋದೊಡನೆ ತಾನೂ ನಿಂತುಬಿಡುತ್ತದೆ. ಬಿಸಿನೀರಷ್ಟೇ ಬೇಕಾದವರು ಮೊದಲು ಹೀಟರನ್ನೇ ಕೊಳ್ಳುವುದು ಲೇಸು, ಏಕೆಂದರೆ ಅಷ್ಟೇ ಬಿಸಿಲಿನಿಂದ ಅದು ಫಲಕಕ್ಕಿಂತ ಎಷ್ಟೋ ಪಾಲು ಹೆಚ್ಚು ಶಕ್ತಿಯನ್ನು ಹಿಡಿದುಕೊಡುತ್ತದೆ.