ಬಗ್ಗಿ ನೆಲ ಮುಟ್ಟಿದ ಮಾತ್ರಕ್ಕೆ ಬೆನ್ನು ಸರಿಯಿದೆ ಅಂತಲ್ಲ

ಆಂಕಿಲೋಸಿಂಗ್ ಸ್ಪಾಂಡಿಲೈಟಿಸ್ (ಬೆನ್ನುಮೂಳೆಯಲ್ಲಿ ಉರಿಯೂತವಾಗಿ, ಬರಬರುತ್ತಾ ಮೂಳೆಗಳು ಒಂದಕ್ಕೊಂದು ಕೂಡಿಕೊಳ್ಳಬಹುದಾದ ಕಾಯಿಲೆ) ಇರುವವರು, ಮನೆಯಲ್ಲಿ ಯಾರಿಗಾದರೂ ಆ ಕಾಯಿಲೆ ಇರುವವರು ದಯವಿಟ್ಟು ಇದನ್ನು ಪೂರ್ತಿ ಓದಿ. ಬೆನ್ನು ಎಷ್ಟು ಬಾಗುತ್ತದೆ ಅನ್ನೋದನ್ನ ತಪ್ಪಾಗಿ ಅಳೆದಿದ್ದರಿಂದ ನನಗೆ ಸರಿಯಾದ ಚಿಕಿತ್ಸೆ ಸಿಗೋದು ತಿಂಗಳುಗಟ್ಟಲೆ ತಡವಾಯಿತು.

ನಾನು ಹೋಗುತ್ತಿದ್ದ ಕ್ಲಿನಿಕ್‌ನಲ್ಲಿ ಪ್ರತಿ ಸಲವೂ ಅಳತೆ ತೆಗೆಯುತ್ತಿದ್ದರು. ಅಳತೆ ಅಂದರೆ ಇಷ್ಟೇ: "ಮಂಡಿ ಮಡಿಸದೆ ಬಗ್ಗಿ, ನೆಲ ಮುಟ್ಟಿ." ನನ್ನ ಬೆರಳು ನೆಲದ ಹತ್ತಿರ ಹೋಗುತ್ತಿತ್ತು. "ಬೆನ್ನು ಚೆನ್ನಾಗಿದೆ" ಅಂತ ಚೀಟಿಯಲ್ಲಿ ಬರೆಯುತ್ತಿದ್ದರು. ಬೆಳಗ್ಗೆ ಹಾಸಿಗೆಯಿಂದ ಏಳೋಕೆ ಒದ್ದಾಡುತ್ತೇನೆ, ಎದ್ದು ಗಂಟೆಯಾದರೂ ಬಿಗಿತ ಬಿಡೋದಿಲ್ಲ ಅಂತ ಹೇಳಿದರೆ, "ಅಳತೆ ಸರಿಯಾಗೇ ಇದೆಯಲ್ಲ" ಅನ್ನೋ ಉತ್ತರ. ನೋವಿನ ಮಾತ್ರೆ ಬಿಟ್ಟು ಬೇರೆ ಮಾತೇ ಇರಲಿಲ್ಲ.

ಆಮೇಲೆ ಬೇರೆ ಕಡೆ ಒಬ್ಬ ರುಮಟಾಲಜಿಸ್ಟ್‌ಗೆ, ಅಂದರೆ ಕೀಲುಗಳ ಉರಿಯೂತದಂಥ ಕಾಯಿಲೆ ನೋಡುವ ತಜ್ಞರಿಗೆ ತೋರಿಸಿದೆ. ಅವರು ಮೊದಲು ಅಂಗಿ ತೆಗೆಸಿದರು. ಸೊಂಟದ ಹಿಂದೆ ಎರಡೂ ಕಡೆ ಚಿಕ್ಕ ಗುಳಿ ಇರುತ್ತದಲ್ಲ, ಅವುಗಳ ಮಧ್ಯೆ ಬೆನ್ನುಮೂಳೆಯ ಮೇಲೆ ಪೆನ್ನಿನಿಂದ ಒಂದು ಗೆರೆ ಹಾಕಿದರು. ಅಲ್ಲಿಂದ 10 ಸೆಂ.ಮೀ. ಮೇಲೆ ಇನ್ನೊಂದು ಗೆರೆ. ನಾನು ಬಗ್ಗಿದಾಗ ಟೇಪನ್ನು ಚರ್ಮಕ್ಕೇ ತಾಗಿಸಿ ಎರಡು ಗೆರೆಗಳ ನಡುವಿನ ದೂರವನ್ನು ಮತ್ತೆ ನೋಡಿದರು. ಆರೋಗ್ಯವಾಗಿರುವ ಬೆನ್ನಲ್ಲಿ ಆ 10 ಹಿಗ್ಗಿ 15ರ ಹತ್ತಿರ ಹೋಗಬೇಕು. ನನ್ನದು 12ನ್ನೂ ಮುಟ್ಟಲಿಲ್ಲ. ಅದೇ ಹೊತ್ತಿಗೆ ನನ್ನ ಬೆರಳು ಎಂದಿನ ಹಾಗೆ ನೆಲದ ಹತ್ತಿರವೇ ಇತ್ತು!

ಬಗ್ಗುವಾಗ ಬೆನ್ನೊಂದೇ ಬಾಗೋದಿಲ್ಲ, ಹಿಪ್ ಕೀಲು ಕೂಡ ಮಡಚುತ್ತದೆ. ಆ ಕೀಲು, ತೊಡೆಯ ಹಿಂದಿನ ಸ್ನಾಯು ಸಡಿಲವಾಗಿದ್ದರೆ ಬೆನ್ನು ಹಲಗೆಯ ಹಾಗೆ ಸೆಟೆದಿದ್ದರೂ ನೆಲ ಮುಟ್ಟಬಹುದು. ಬೆನ್ನು ಸರಿಯಾಗಿದ್ದು ತೊಡೆ ಬಿಗಿಯಾಗಿರುವವರಿಗೆ ಮುಟ್ಟೋಕೆ ಆಗದೆಯೂ ಇರಬಹುದು. ಗೆರೆ ಹಾಕಿ ಅಳೆಯುವ ಈ ಶೋಬರ್ ಪರೀಕ್ಷೆ ಸೊಂಟದ ಭಾಗದ ಮೂಳೆಗಳು ಎಷ್ಟು ಬಾಗುತ್ತವೆ ಅನ್ನೋದನ್ನ ಮಾತ್ರ ತೋರಿಸುತ್ತದೆ.

ಇದರಲ್ಲೂ ಎಡವಟ್ಟಾಗಬಹುದು. ಗುಳಿಯ ಮಟ್ಟದಿಂದ 5 ಸೆಂ.ಮೀ. ಕೆಳಗೆ, 10 ಸೆಂ.ಮೀ. ಮೇಲೆ ಗೆರೆ ಹಾಕಿ ಒಟ್ಟು 15ರಿಂದ ಅಳೆಯುವ ಇನ್ನೊಂದು ವಿಧಾನವೂ ಇದೆ. ಒಂದು ಸಲ ಆ ರೀತಿ, ಇನ್ನೊಂದು ಸಲ ಈ ರೀತಿ ಅಳೆದು ಎರಡನ್ನೂ ಹೋಲಿಸಿದರೆ, ಏನೂ ಬದಲಾಗದಿದ್ದರೂ ಸುಧಾರಿಸಿದ ಹಾಗೆ ಕಾಣಬಹುದು. ಹಾಗೆಯೇ ಬೆಳಗ್ಗೆ ಬಿಗಿತ ಜಾಸ್ತಿ, ಓಡಾಡಿದ ಮೇಲೆ ಕಡಿಮೆ. ಹಾಗಾಗಿ ಪ್ರತಿ ಸಲ ಒಂದೇ ಹೊತ್ತಿಗೆ, ಸಾಧ್ಯವಾದರೆ ಒಬ್ಬರ ಕೈಯಲ್ಲೇ ಅಳೆಸಿಕೊಳ್ಳಿ. ಬಟ್ಟೆ ಮೇಲೆ ಟೇಪು ಇಟ್ಟರೆ ಬೇಡ ಅನ್ನಿ. ಬಟ್ಟೆ ಜಾರುತ್ತದೆ, ಲೆಕ್ಕ ಕೆಡುತ್ತದೆ.

ಒಂದೇ ಅಳತೆ ಸಾಲೋದಿಲ್ಲ. ಈ ಕಾಯಿಲೆಯವರ ಮೈ ಎಷ್ಟು ಬಾಗುತ್ತದೆ, ತಿರುಗುತ್ತದೆ ಅಂತ ನೋಡೋಕೆ 1994ರಲ್ಲಿ ಪ್ರಕಟವಾದ ಬಾಸ್ಮಿ (BASMI) ಅನ್ನೋ ಪಟ್ಟಿಯಲ್ಲಿ ಐದು ಅಳತೆಗಳಿವೆ: ಗೋಡೆಗೆ ಬೆನ್ನು ಕೊಟ್ಟು ನಿಂತಾಗ ಕಿವಿ ರಂಧ್ರದ ಮುಂದಿನ ಪುಟ್ಟ ಉಬ್ಬಿನಿಂದ ಗೋಡೆಗಿರುವ ದೂರ, ಕತ್ತು ತಿರುಗುವ ಪ್ರಮಾಣ, ಮುಂದಕ್ಕೆ ಬಾಗುವುದು, ಪಕ್ಕಕ್ಕೆ ಬಾಗುವುದು, ಕಾಲು ಅಗಲಿಸಿದಾಗ ಎರಡು ಪಾದದ ಗಂಟುಗಳ ನಡುವಿನ ದೂರ. ಒಟ್ಟು ಅಂಕ 0ಯಿಂದ 10. ಇಲ್ಲಿ ಅಂಕ ಜಾಸ್ತಿಯಾದಷ್ಟೂ ಬೆನ್ನು ಬಿಗಿ. ಇದರ ಜೊತೆಗೆ ಉಸಿರು ಪೂರ್ತಿ ಬಿಟ್ಟು ಪೂರ್ತಿ ಎಳೆದಾಗ ಎದೆ ಎಷ್ಟು ಹಿಗ್ಗುತ್ತದೆ ಅನ್ನೋದನ್ನೂ ನೋಡಿಸಿಕೊಳ್ಳಿ. ಹಿಗ್ಗುವುದು 2.5 ಸೆಂ.ಮೀ.ಗಿಂತ ಕಡಿಮೆಯಿದ್ದರೆ ವೈದ್ಯರ ಹತ್ತಿರ ಮಾತಾಡಲೇಬೇಕು.

ಹಳೆಯ ಕ್ಲಿನಿಕ್‌ನ ಇನ್ನೊಂದು ಸಂಗತಿ ನೆನೆದರೆ ನನಗೆ ಈಗಲೂ ಸಿಟ್ಟು ಬರುತ್ತದೆ. ಒಂದೇ ಒಂದು ಸಲ ಗೋಡೆಗೆ ಬೆನ್ನು ಕೊಟ್ಟು ನಿಲ್ಲಿಸಿದಾಗ, ತಲೆ ಗೋಡೆಗೆ ತಾಗಲಿಲ್ಲ ಅಂತ ಅಲ್ಲಿನ ಸಹಾಯಕರೊಬ್ಬರು ನನ್ನ ಹಣೆ ಹಿಡಿದು ಹಿಂದಕ್ಕೆ ಒತ್ತಿದರು. ಯಾರಿಗೂ ಹೀಗೆ ಮಾಡೋಕೆ ಬಿಡಬೇಡಿ. ಈ ಕಾಯಿಲೆಯಲ್ಲಿ ಕೂಡಿಕೊಂಡ ಮೂಳೆಗಳು ಗಟ್ಟಿಯಾಗಿ ಕಂಡರೂ ಸುಲಭವಾಗಿ ಮುರಿಯುತ್ತವೆ. ಕತ್ತಿನಲ್ಲಿ ಮುರಿದರೆ ನರಹುರಿಗೇ ಪೆಟ್ಟಾಗಬಹುದು. ತಲೆ ಎಷ್ಟು ಹಿಂದೆ ಹೋಗುತ್ತದೋ ಅಷ್ಟನ್ನೇ ಅಳೆಯಬೇಕು. ತಾಗದೆ ಉಳಿದ ದೂರವೇ ಅಲ್ವಾ ಅವರು ಬರೆದುಕೊಳ್ಳಬೇಕಾದದ್ದು?

ಅಳತೆ ನಿಜವಾಗಿಯೂ ಸರಿಯಾಗಿದ್ದರೂ ಅಲ್ಲಿಗೇ ಸುಮ್ನೆ ಆಗಬೇಡಿ. ಶುರುವಿನಲ್ಲಿ ಉರಿಯೂತ ಜೋರಾಗಿದ್ದರೂ ಬೆನ್ನು ಚೆನ್ನಾಗೇ ಬಾಗಬಹುದು. ಬೆಳಗಿನ ಬಿಗಿತ, ರಾತ್ರಿ ಎಬ್ಬಿಸುವ ನೋವು, ವಿಶ್ರಾಂತಿ ತೆಗೆದುಕೊಂಡರೆ ಹೆಚ್ಚಾಗಿ ಓಡಾಡಿದರೆ ಇಳಿಯುವ ನೋವು, ಇದನ್ನೆಲ್ಲ ಪ್ರತಿ ಸಲವೂ ಹೇಳಿ, ಬರೆಸಿ. ಚೀಟಿಯಲ್ಲಿ "ಚೆನ್ನಾಗಿದೆ" ಅಂತಷ್ಟೇ ಇದ್ದರೆ ಒಪ್ಪಬೇಡಿ. ಯಾವ ವಿಧಾನ, ಎಷ್ಟು ಸೆಂ.ಮೀ., ಯಾವ ಹೊತ್ತು ಅಂತ ಬರೆಸಿಕೊಂಡು ಒಂದು ಪ್ರತಿ ನಿಮ್ಮ ಹತ್ತಿರ ಇಟ್ಟುಕೊಳ್ಳಿ. ಮುಂದಿನ ವೈದ್ಯರು ಅದರ ಜೊತೆಗೇ ಹೋಲಿಸಿ ನೋಡೋದು.