ಅತ್ತಿಯ 36ನೇ ನಂಬರಿನ ಹಲ್ಲು

ಧಾರವಾಡದಲ್ಲಿ ನನ್ನದೊಂದು ಸಣ್ಣ ಖಾನಾವಳಿ. ದಿನಾ ಮುನ್ನೂರು ರೊಟ್ಟಿ ಬಡಿಯುವ ಮನೆಯಲ್ಲಿ ನಮ್ಮತ್ತಿ ಕಡಕ್ ರೊಟ್ಟಿಯನ್ನು ಹಾಲಿನಲ್ಲಿ ನೆನೆಹಾಕಿ ತಿನ್ನುತ್ತಿದ್ದರು. ಎಡಗಡೆ ಕೆಳಗಿನ ದವಡೆ ಹಲ್ಲು. ಲವಂಗ ಇಟ್ಟುಕೊಂಡೇ ಎರಡು ತಿಂಗಳು ತಳ್ಳಿದರು. ವಯಸ್ಸು 71, ಬಲಗಿವಿ ಕೇಳುವುದೇ ಇಲ್ಲ, ಎಡಗಿವಿಗೆ ಮಿಷನ್.

ನಾನು ಹೇಳಹೊರಟಿದ್ದು ಹುಬ್ಬಳ್ಳಿಯ ಒಂದು ಹಲ್ಲಿನ ಕ್ಲಿನಿಕ್ ಬಗ್ಗೆ. ಅದಕ್ಕೂ ಮೊದಲು ಬೇರೆ ಒಂದು ಕಡೆ ಹೋಗಿದ್ದೆವು, ಹೆಸರು ಬೇಡ. ಅಲ್ಲಿ ಬಾಯಿ ನೋಡಿದ್ದು ಅತ್ತಿಯದು, ಮಾತಾಡಿದ್ದು ನಮ್ಮ ಮನೆಯವರ ಜೊತೆ, ಅದೂ ಅರ್ಧ ಇಂಗ್ಲಿಷು. ಚೀಟಿಯಲ್ಲಿ '36, ಆರ್‌ಸಿಟಿ' ಎಂದು ಗೀಚಿ ಕೊಟ್ಟರು. ಆರ್‌ಸಿಟಿ ಅಂದರೆ ರೂಟ್ ಕೆನಾಲ್. ಅತ್ತಿ ಮನೆಗೆ ಬಂದು ಚೀಟಿ ತಿರುವಿ ಮುರುವಿ ನೋಡಿ, "ನನ್ನ ಬಾಯಾಗ ಇಪ್ಪತ್ತೂ ಉಳದಿಲ್ಲ, ಇವರು ಮೂವತ್ತಾರು ಎಲ್ಲಿಂದ ಎಣಿಸಿದ್ರ?" ಅಂದರು. ಉತ್ತರ ನನಗೂ ಗೊತ್ತಿರಲಿಲ್ಲ. ಮತ್ತೆ ಅಲ್ಲಿಗೆ ಬರುವುದಿಲ್ಲ ಎಂದು ಹಟ ಹಿಡಿದರು.

ಆಮೇಲೆ ಸಿಕ್ಕಿದ್ದು ಹುಬ್ಬಳ್ಳಿ ವಿದ್ಯಾನಗರದ ಈ ಕ್ಲಿನಿಕ್. ಸತ್ತೂರಿನಲ್ಲಿ 1986ರಿಂದ ಎಸ್‌ಡಿಎಂ ಹಲ್ಲಿನ ಕಾಲೇಜು ಇರುವಾಗ ಅದನ್ನು ದಾಟಿ ಯಾಕೆ ಹೋಗುತ್ತೀರಿ ಎಂದು ಓಣಿಯವರೆಲ್ಲ ಕೇಳಿದರು. ಬೆಳಗಿನ ಮೊದಲ ಅಪಾಯಿಂಟ್‌ಮೆಂಟ್ ಸಿಕ್ಕರೆ ಮಧ್ಯಾಹ್ನದ ಊಟದ ಹೊತ್ತಿಗೆ ನಾನು ಒಲೆ ಮುಂದೆ ಇರಬಹುದು, ಅಷ್ಟೇ ಕಾರಣ. ಹುಬ್ಬಳ್ಳಿ-ಧಾರವಾಡ ನಡುವೆ ಓಡುವ ಚಿಗರಿ ಬಸ್ಸಿನಲ್ಲಿ ಮೆಟ್ಟಿಲು ಹತ್ತುವ ಗೋಳಿಲ್ಲ, ಅತ್ತಿಯ ಮೊಣಕಾಲಿಗೂ ಅದೇ ಅನುಕೂಲ.

ಇಲ್ಲಿನ ಡಾಕ್ಟರು ಇನ್ನೂ ಹುಡುಗರೇ. ಕುರ್ಚಿ ಎಳೆದುಕೊಂಡು ಅತ್ತಿಯ ಎಡಕ್ಕೆ ಬಂದು ಕೂತರು, ಮಾಸ್ಕ್ ಕೆಳಗಿಳಿಸಿದರು, ಆಮೇಲೆ ಬಾಯಿ ಬಿಟ್ಟರು. ಕಿವಿ ಮಂದ ಇದ್ದವರು ತುಟಿ ನೋಡಿಯೇ ಅರ್ಧ ಮಾತು ಹಿಡಿಯುತ್ತಾರೆ. ಮಾಸ್ಕ್ ಹಾಕಿಕೊಂಡು ಕೂಗಿದರೆ ಬರೀ ಗದ್ದಲ. ನಾನು ನಡುವೆ ಬಾಯಿ ಹಾಕಿದಾಗ "ಅಕ್ಕಾರ, ಒಂದ ನಿಮಿಷ, ಅವ್ವಾರ ಹೇಳಲಿ" ಅಂದರು. ನನಗೆ ಸ್ವಲ್ಪ ಚುರುಕ್ ಅಂತು, ಅತ್ತಿಯ ಬೆನ್ನು ಮಾತ್ರ ನೆಟ್ಟಗಾಯಿತು.

36ರ ಒಗಟನ್ನೂ ಅವತ್ತೇ ಬಿಡಿಸಿದರು. ಬಾಯಿಯನ್ನು ನಾಲ್ಕು ಓಣಿ ಮಾಡಿದ್ದಾರಂತೆ. ಮೇಲಿನ ಬಲ ಒಂದು, ಮೇಲಿನ ಎಡ ಎರಡು, ಕೆಳಗಿನ ಎಡ ಮೂರು, ಕೆಳಗಿನ ಬಲ ನಾಲ್ಕು. ನಟ್ಟನಡುವಿನಿಂದ ಮನೆ ಎಣಿಸುತ್ತ ಹೋಗಬೇಕು. "ಮೂರನೇ ಓಣಿ, ಆರನೇ ಮನಿ, ಅವ್ವಾರ." ಆರು ವರ್ಷದ ಹೊತ್ತಿಗೆ ಹುಟ್ಟುವ ಹಲ್ಲಂತೆ ಅದು. ಅಂದರೆ ಅತ್ತಿಗೆ 65 ವರ್ಷ ದುಡಿದಿದೆ. ಕೇಳಿದ್ದೇ ತಡ, ಕೀಳಿಸಿಬಿಡೋಣ ಅನ್ನುತ್ತಿದ್ದ ಮುದುಕಿ "ಉಳಿಸಾಕ ಬರ್ತದೇನ ತಮ್ಮಾ?" ಅಂದರು.

ಕೀಳಿಸಿದರೆ ಏನು, ಉಳಿಸಿದರೆ ಏನು, ಎರಡನ್ನೂ ಪ್ಲಾಸ್ಟರಿನ ಹಲ್ಲಿನ ಸೆಟ್ ಹಿಡಿದು ತೋರಿಸಿದರು. ಆ ಹಲ್ಲಿಗೆ ಸಾಮಾನ್ಯವಾಗಿ ಎರಡು ಬೇರು, ಒಳಗೆ ಮೂರು ನಾಳ, ಕೆಲವರಿಗೆ ನಾಲ್ಕು. ರೂಟ್ ಕೆನಾಲಿನಲ್ಲಿ ನಾಳದ ಒಳಗಿನ ಕೊಳೆತ ನರ ತೆಗೆದು ತೊಳೆದು ರಬ್ಬರಿನಂಥ ಕಡ್ಡಿ ತುಂಬುತ್ತಾರೆ, ಮೇಲೆ ಕ್ಯಾಪ್ ಬೇಕೇ ಬೇಕು, ಇಲ್ಲದಿದ್ದರೆ ಕಡಕ್ ರೊಟ್ಟಿಗೆ ಹಲ್ಲು ಸೀಳಬಹುದು. ಗುಳಿಗೆ ಯಾವುದು ತಗೋತೀರಿ ಎಂದಾಗ ಅತ್ತಿ "ಬಿಪಿದು" ಎಂದಷ್ಟೇ ಹೇಳಿದರು. ಡಾಕ್ಟರು ಬಿಡಲಿಲ್ಲ, ಮುಂದಿನ ಸಲ ಗುಳಿಗೆ ಡಬ್ಬಿಯನ್ನೇ ತರಲು ಹೇಳಿದರು. ಡಬ್ಬಿಯಲ್ಲಿ ರಕ್ತ ತೆಳುವಾಗುವ ಗುಳಿಗೆ ಇತ್ತು. ನೀವಾಗಿಯೇ ನಿಲ್ಲಿಸಬೇಡಿ ಎಂದು ಎರಡು ಸಲ ಹೇಳಿ, ಅತ್ತಿಯ ಬಾಯಿಂದ ಅದನ್ನೇ ಹೇಳಿಸಿಕೊಂಡರು. ಎಲುಬು ಗಟ್ಟಿಯಾಗಲು ಇಂಜೆಕ್ಷನ್ ತೆಗೆದುಕೊಂಡಿದ್ದೀರಾ ಎಂದೂ ಕೇಳಿದರು. ಹಲ್ಲಿಗೂ ಅದಕ್ಕೂ ಏನು ಸಂಬಂಧ ಎಂದು ನಾನೇ ಕೇಳಿದೆ. ಅಂಥ ಔಷಧಿ ತಗೊಂಡವರಲ್ಲಿ ಹಲ್ಲು ಕಿತ್ತ ಮೇಲೆ ದವಡೆ ಎಲುಬು ಮಾಯದೆ ತೊಂದರೆ ಕೊಡುವುದುಂಟಂತೆ.

ರೂಟ್ ಕೆನಾಲ್ ಶುರುವಾದ ದಿನದ ಸಂಗತಿ ನಾನು ಎಲ್ಲರಿಗೂ ಹೇಳುತ್ತಿರುತ್ತೇನೆ. ಡ್ರಿಲ್ಲಿನ ಸದ್ದಿಗೆ ಕಿವಿ ಮಿಷನ್ ಕುಂಯ್ ಎನ್ನತೊಡಗಿತು, ತೆಗೆಯಲೇಬೇಕಾಯಿತು. ತೆಗೆದರೆ ಏನೂ ಕೇಳದು. ಡಾಕ್ಟರು ಕೈ ನಿಲ್ಲಿಸಿ, ಮಿಷನ್ ಮತ್ತೆ ಹಾಕಿಸಿ ಒಪ್ಪಂದ ಮಾಡಿಕೊಂಡರು. ಭುಜಕ್ಕೆ ಒಂದು ಸಲ ತಟ್ಟಿದರೆ ಬಾಯಿ ದೊಡ್ಡದು ಮಾಡಬೇಕು, ಎರಡು ಸಲ ತಟ್ಟಿದರೆ ವಿಶ್ರಾಂತಿ. ಅತ್ತಿ ಎಡಗೈ ಎತ್ತಿದರೆ ಏನೇ ಇರಲಿ ಕೆಲಸ ನಿಲ್ಲುತ್ತದೆ. ಒಂದು ಸಲ ಸುಳ್ಳೇ ಅಭ್ಯಾಸವನ್ನೂ ಮಾಡಿಸಿದರು. ಆಮೇಲೆ ಅತ್ತಿ ನಾಲ್ಕು ಸಲ ಕೈ ಎತ್ತಿದರು, ನಾಲ್ಕು ಸಲವೂ ನಿಂತಿತು. ಮೂರನೆಯದು ನೋವಿಗಲ್ಲ, ಸೆರಗು ಸರಿ ಮಾಡಿಕೊಳ್ಳಲು.

ಈಗ ಬೈಯುವ ಸರದಿ. ಸಹಿ ಮಾಡುವ ಒಪ್ಪಿಗೆ ಪತ್ರ ಎರಡು ಪುಟ, ಎರಡೂ ಇಂಗ್ಲಿಷ್. ಏನಿದು ಎಂದರೆ ಕೌಂಟರಿನ ಹುಡುಗಿ "ಎಲ್ಲಾರೂ ಮಾಡ್ತಾರ್ರೀ, ಸುಮ್ನ ಮಾಡ್ರಿ" ಅಂದಳು. ಒಳಗೆ ಅಷ್ಟು ಬಿಡಿಸಿ ಹೇಳುವ ಡಾಕ್ಟರಿಗೆ ಹೊರಗೆ ಹೀಗೆ ನಡೆಯುವುದು ಗೊತ್ತಿದೆಯೋ ಇಲ್ಲವೋ. ಬಾಯಿ ಮರಗಟ್ಟಿರುವಾಗ ಬಿಸಿ ಚಹಾ ಕುಡಿಯಬಾರದು, ಎರಡು-ಮೂರು ತಾಸು ಏನನ್ನೂ ಅಗಿಯಬಾರದು ಎಂಬ ಸೂಚನೆ ವಾಟ್ಸಾಪಿನಲ್ಲಿ ಬಂತು, ಅದೂ ಇಂಗ್ಲಿಷಿನಲ್ಲಿ, ಅದೂ ಮನೆಯವರ ಫೋನಿಗೆ. ಅಷ್ಟರೊಳಗೆ ಅತ್ತಿ ಚಹಾ ಕುಡಿದು ಕೆಳತುಟಿ ಕಚ್ಚಿಕೊಂಡಾಗಿತ್ತು. ಎರಡನೇ ಸಲ ಹೋದಾಗ ಐವತ್ತು ನಿಮಿಷ ಕೂರಿಸಿದರು, ತಡವಾಗುತ್ತದೆ ಎಂದು ಒಬ್ಬರೂ ಬಂದು ಹೇಳಲಿಲ್ಲ. ನನ್ನ ಖಾನಾವಳಿಯಲ್ಲಿ ರೊಟ್ಟಿ ತಡವಾದರೆ ನಾನೇ ಹೋಗಿ "ಇನ್ನ ಹತ್ತ ನಿಮಿಷ್ರೀ" ಅಂತೇನೆ. ಹೇಳಿದರೆ ಜನ ಕಾಯುತ್ತಾರೆ. ಖರ್ಚಿನ ಚೀಟಿಯನ್ನು ಮೊದಲೇ ಬರೆದುಕೊಟ್ಟಿದ್ದರು, ಸಂತೋಷ. ಆದರೆ ಅದರಲ್ಲಿ 'ಕ್ಯಾಪ್ ಬೇರೆ' ಎಂದಷ್ಟೇ ಇತ್ತು. ಎಷ್ಟು ಬೇರೆ ಎಂಬುದು ತಿಳಿದದ್ದು ಮೂರನೇ ಸಲ. ರೂಟ್ ಕೆನಾಲಿಗೆ 4,500, ಕ್ಯಾಪಿಗೆ ಮತ್ತೆ 5,000.

ಮರುದಿನ ಕ್ಲಿನಿಕ್ಕಿನಿಂದ ಫೋನ್ ಬಂದಾಗ ಅತ್ತಿಗೇ ಕೊಡಿ ಅಂದರು. ಸ್ಪೀಕರ್ ಹಾಕಿ ಕೊಟ್ಟೆ. ಆ ಎರಡು ನಿಮಿಷದ ಮಾತು ಓಣಿಯಲ್ಲಿ ಎರಡು ದಿನ ಓಡಿತು. ಲಿಫ್ಟ್ ಇದೆ, ಗಾಡಿ ನಿಲ್ಲಿಸಲು ಜಾಗ ಇಲ್ಲ, ಬಸ್ಸಿಗೆ ಬರುವುದೇ ಚಲೋ.

ಎಲೆ-ಅಡಿಕೆ ವಿಷಯ ಒಂದು ಉಳಿಯಿತು. ಸವಣೂರು ಎಲೆ ಬಿಟ್ಟು ಬೇರೆ ಮುಟ್ಟದವರು ನಮ್ಮತ್ತಿ. ದಿನಕ್ಕೆ ಎಷ್ಟು ಎಂದು ಕೇಳಿದಾಗ "ಎರಡ" ಅಂದರು. ಆರು ಅಂತ ನನಗೆ ಗೊತ್ತು. ಡಾಕ್ಟರು ಕಲೆ ನೋಡಿ ನಕ್ಕರು, ಬೈಯಲಿಲ್ಲ. ತಂಬಾಕು ಹಾಕದಿದ್ದರೂ ಬರೀ ಅಡಿಕೆಯೇ ಬಾಯಿಯ ಚರ್ಮ ಬಿಗಿಸುತ್ತದೆ, ಕ್ಯಾನ್ಸರಿಗೂ ದಾರಿ ಮಾಡುತ್ತದೆ ಎಂದು ಹೇಳಿ, ಅತ್ತಿಯ ಮೂರು ಬೆರಳನ್ನೇ ನಿಲುವಾಗಿ ಬಾಯೊಳಗೆ ಇಡಿಸಿ ಎಷ್ಟು ತೆರೆಯುತ್ತದೆ ನೋಡಿದರು. ಮೂರೂ ಹಿಡಿದವು, ಒತ್ತಿಕೊಂಡು. ಈಗ ಅತ್ತಿ ದಿನಾ ಮುಂಜಾನೆ ಕನ್ನಡಿ ಮುಂದೆ ನಿಂತು ಮೂರು ಬೆರಳು ಇಟ್ಟು ನೋಡಿಕೊಳ್ಳುತ್ತಾರೆ. ಎಲೆ ಎರಡೇ ಹಾಕುತ್ತೇನೆ ಅನ್ನುತ್ತಾರೆ. ನಿನ್ನೆ ನಾನು ಎಣಿಸಿದ್ದು ಮೂರು.